ಓದದೆ ಬಿಟ್ಟ ಒಂದು ಸಾಲು

ಹೋದ ತಿಂಗಳು ಚಿತ್ರದುರ್ಗದಲ್ಲಿ ನೆಂಟರ ಮನೆಯ ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಒಬ್ಬ ಹೆಣ್ಣುಮಗಳು ಬಂದು ಕುಳಿತಳು. ತಾಲ್ಲೂಕು ಪಂಚಾಯತಿಗೆ ಹೊಸದಾಗಿ ಸೇರಿದ್ದಾಳಂತೆ, ಸಭೆಯ ಶಾಖೆ ಕೊಟ್ಟಿದ್ದಾರಂತೆ. ನಾನು ಅದೇ ಶಾಖೆಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ಎಂದು ಯಾರೋ ಹೇಳಿಬಿಟ್ಟಿದ್ದರು. ಪಾಯಸ ಬರುವ ಮೊದಲೇ ಕೇಳಿದಳು: "ಸಾರ್, ನಡಾವಳಿ ಬರೆಯೋದು ಹೆಂಗೆ ಹೇಳ್ಕೊಡಿ. ಯಾರೂ ತಕರಾರು ತೆಗೀಬಾರ್ದು, ಹಂಗಿರಬೇಕು."

ಯಾರೂ ತಕರಾರು ತೆಗೆಯದ ನಡಾವಳಿ! ಮೂವತ್ತು ವರ್ಷ ನಾನು ಬರೆದದ್ದೆಲ್ಲ ಅದನ್ನೇ. ಏನೋ ಹಾರಿಕೆಯ ಮಾತಾಡಿ ಎದ್ದುಬಿಟ್ಟೆ. ಕೈ ತೊಳೆಯುವಾಗ ನಾಚಿಕೆಯಾಯಿತು. ಹಾರಿಕೆಯ ಉತ್ತರ ಕೊಡುವ ಚಾಳಿ ನಿವೃತ್ತಿಯಾದರೂ ಬಿಟ್ಟಿಲ್ಲವಲ್ಲ ಎನಿಸಿತು. ಆ ಮಗುವಿಗೆ ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಈ ಕೆಲಸಕ್ಕೆ ಬರುವ ಉಳಿದವರೂ ಓದಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಜನ ಆರಿಸಿ ಕಳಿಸಿದ ಸದಸ್ಯರು ಎರಡು ತಿಂಗಳಿಗೊಮ್ಮೆ ಸಭೆ ಸೇರುತ್ತಾರೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ದನ ಕುರಿಗಳ ಚಿಕಿತ್ಸೆ, ಹೀಗೆ ಒಂದೊಂದು ಇಲಾಖೆಯ ಅಧಿಕಾರಿಯೂ ಬಂದು ಅವರ ಪ್ರಶ್ನೆಗೆ ಉತ್ತರ ಹೇಳಬೇಕು. ಯಾರು ಏನು ಕೇಳಿದರು, ಯಾರು ಏನು ಹೇಳಿದರು ಎಂದು ಬರೆದಿಡುವುದೇ ನಡಾವಳಿ. ಅದನ್ನು ಮುಂದಿನ ಸಭೆಯ ಶುರುವಿನಲ್ಲಿ ಗುಮಾಸ್ತ ಗಟ್ಟಿಯಾಗಿ ಓದುತ್ತಾನೆ. ಓದಿದ ಮೇಲೆ ಸದಸ್ಯರು ಅದರ ಕೆಳಗೆ ಸಹಿ ಹಾಕುತ್ತಾರೆ. ನಾನಿದ್ದ ಕಡೆ ಆ ಸಹಿಯೇ ಆ ದಿನದ ಹಾಜರಿ ಕೂಡ. ಸಹಿ ಹಾಕದವರು ಎದುರಿಗೇ ಕುಂತಿದ್ದರೂ ಪುಸ್ತಕದ ಪ್ರಕಾರ ಗೈರು. ಕೊನೆಯಲ್ಲಿ ಅಧ್ಯಕ್ಷರ ಸಹಿ. ಬರೆದವನ ಸಹಿ ಎಲ್ಲೂ ಇರುವುದಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆಯ ಮಣ್ಣು ತುಳಿದಿದ್ದೇನೆ. ಯಾವುದು ಯಾವ ಊರಿನಲ್ಲಿ ನಡೆಯಿತು ಎಂದು ಹೇಳುವುದಿಲ್ಲ. ಜನರ ಹೆಸರನ್ನೂ ಬದಲಿಸಿದ್ದೇನೆ. ನನ್ನ ಹೆಸರು ರುದ್ರಪ್ಪ, ಅದನ್ನು ಮಾತ್ರ ಬದಲಿಸಿಲ್ಲ.

ನನಗೆ ಕೆಲಸ ಕಲಿಸಿದವರು ವ್ಯವಸ್ಥಾಪಕ ನಂಜುಂಡಯ್ಯನವರು. ತಾಲ್ಲೂಕು ಬೋರ್ಡಿನ ಕಾಲದಿಂದ ಸಭೆಗಳನ್ನು ಕಂಡ ಮನುಷ್ಯ. ಎಲೆಅಡಿಕೆ ಬಾಯಿಗಿಟ್ಟುಕೊಂಡು, ಕನ್ನಡಕದ ಮೇಲಿಂದ ನೋಡಿ ಹೇಳಿದ್ದರು: "ಲೇ ರುದ್ರಪ್ಪ, ಮೂರು ವಾಕ್ಯ ಕಲ್ಕ, ಪಿಂಚಣಿ ಬರೋಗಂಟ ಸಾಕು. ಪರಿಶೀಲಿಸಲಾಗುತ್ತಿದೆ. ಕ್ರಮ ಕೈಗೊಳ್ಳಲಾಗುತ್ತಿದೆ. ಮೇಲಧಿಕಾರಿಗಳಿಗೆ ಬರೆಯಲಾಗಿದೆ. ಇದ್ರಾಗೆ ಒಂದು ಸುಳ್ಳು ಐತಾ ಹೇಳು?" ಸುಳ್ಳು ಇರಲಿಲ್ಲ. ಅದೇ ಅದರ ಬೆರಗು.

ಆ ಮೂರು ವಾಕ್ಯಗಳಿಂದ ನಾನು ಒಮ್ಮೆ ಚೆನ್ನಾಗಿ ಮುಗ್ಗರಿಸಿದೆ. ಒಂದು ಹಳ್ಳಿಯ ಶಾಲೆಯ ಹೆಂಚು ಹಾರಿಹೋಗಿವೆ, ಯಾವಾಗ ಹಾಕಿಸುತ್ತೀರಿ ಎಂದು ಸದಸ್ಯರೊಬ್ಬರು ಕೇಳಿದ್ದರು. ಫೈಲು ತೆರೆದು ನೋಡುವ ಗೋಜಿಗೆ ಹೋಗದೆ "ಕ್ರಮ ಕೈಗೊಳ್ಳಲಾಗುತ್ತಿದೆ" ಎಂದು ಬರೆದೆ. ಸಭೆಯಲ್ಲಿ ಓದಿದಾಗ ಅದೇ ಸದಸ್ಯರು ಎದ್ದು ನಿಂತರು. "ಹೆಂಚು ಹಾಕ್ಸಿ ತಿಂಗ್ಳಾತು ಸ್ವಾಮಿ. ಇನ್ನೇನು ಕೈಗೊಳ್ತೀರಿ, ಬಿಚ್ಚಿಸ್ತೀರೋ?" ಸಭೆಯೆಲ್ಲ ನಕ್ಕಿತು. ಆಗಿಹೋದ ಒಳ್ಳೆಯ ಕೆಲಸವನ್ನೂ ಆಗುತ್ತಿದೆ ಎಂದು ಬರೆದು ಬೈಸಿಕೊಂಡ ಗುಮಾಸ್ತ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ನಂಜುಂಡಯ್ಯನವರು ಮಾತ್ರ ನಗಲಿಲ್ಲ. "ಕೆಲಸ ಆಗಿದ್ರೆ ನಾಕನೇ ವಾಕ್ಯ ಬೇಕಾಗತ್ತೆ, ಅದು ನಂಗೂ ಬರಲ್ಲ" ಎಂದರು.

ಇನ್ನೊಂದು ಕಡೆ ರಾಮಗಿರಿ ದಿಕ್ಕಿನಿಂದ ಬರುತ್ತಿದ್ದ ಸಿದ್ದಪ್ಪ ಮೇಷ್ಟ್ರು ಎಂಬ ಸದಸ್ಯರಿದ್ದರು. ಪಾಠ ಹೇಳಿ ನಿವೃತ್ತರಾದವರು. ಕೂಗಾಡಿದವರಲ್ಲ, ಮೇಜು ಕುಟ್ಟಿದವರಲ್ಲ. ಅಧಿಕಾರಿ "ಮಾಡಿಸ್ತೀವಿ ಸಾರ್" ಎಂದರೆ, "ತಾರೀಕು ಹೇಳ್ರಿ" ಎನ್ನುತ್ತಿದ್ದರು. "ಆದಷ್ಟು ಬೇಗ" ಎಂದರೆ, "ಹೇಳ್ರಿ, ನಾನು ನಿಂತಿರ್ತೀನಿ" ಎಂದು ಕೈಕಟ್ಟಿ ನಿಂತೇ ಇರುತ್ತಿದ್ದರು. ವಯಸ್ಸಾದವರು ನಿಂತಿರುವಾಗ ಕುಳಿತಿರುವುದಕ್ಕೆ ಅಧಿಕಾರಿಗಳಿಗೆ ಮುಜುಗರ. ಹತ್ತು ನಿಮಿಷದಲ್ಲಿ ತಾರೀಕು ಬೀಳುತ್ತಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿ "ಬರ್ಕಳಪ್ಪ" ಎಂದು ಹೇಳಿ, ನಾನು ಬರೆದದ್ದನ್ನು ಕಣ್ಣಾರೆ ಓದಿ, ಆಮೇಲೆ ಕುಳಿತುಕೊಳ್ಳುತ್ತಿದ್ದರು. ಅವರ ಕಡೆಯ ಬೋರುಗಳೆಲ್ಲ ನೀರು ಕೊಡುತ್ತಿದ್ದವು. ಆಗ ನನಗೆ ಅವರು ದೊಡ್ಡ ಕಿರಿಕಿರಿ ಎನಿಸುತ್ತಿತ್ತು. ಪುಸ್ತಕದ ತುಂಬ ತಾರೀಕುಗಳು ಬಿದ್ದು ಪುಟ ಅಂದಗೆಡುತ್ತಿತ್ತು ಎಂದು ಬೈದುಕೊಂಡಿದ್ದೇನೆ. ಇಂಥವನು ನಾನು.

ಈಗ ನನ್ನದೇ ಒಂದು ಜಾಣತನ ಹೇಳುತ್ತೇನೆ. ಸಭೆಯಲ್ಲಿ ಯಾವ ಇಲಾಖೆ ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ಮಾಡುವವನು ಗುಮಾಸ್ತ. ಸಭೆ ಹನ್ನೊಂದಕ್ಕೆ ಶುರು. ಆದರೆ ಸದಸ್ಯರು ಬರುವುದು ಬಸ್ಸಿನಲ್ಲಿ. ಸಿರಿಗೆರೆ ಕಡೆಯ ಬಸ್ಸು ಕಾಲೇಜು ಮಕ್ಕಳಿಂದ ತುಂಬಿ ತಡವಾಗುತ್ತದೆ, ಮತ್ತೋಡು ಕಡೆಯದು ಸಂತೆಯ ದಿನ ಇನ್ನೂ ತಡ. ಇವೆಲ್ಲ ನನಗೆ ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಯಾವ ಅಧಿಕಾರಿಗೆ ಯಾವ ಸದಸ್ಯರ ಕಾಟವೋ ನೋಡಿಕೊಂಡು, ಆ ಸದಸ್ಯರ ಬಸ್ಸು ಬರುವ ಮೊದಲೇ ಆ ಇಲಾಖೆ ಮುಗಿಯುವಂತೆ ಪಟ್ಟಿ ಮಾಡುತ್ತಿದ್ದೆ. "ಅಧಿಕಾರಿಗಳಿಗೆ ಬೇರೆ ಮೀಟಿಂಗ್ ಇದೆ" ಎಂದು ಒಂದು ಮಾತು ಹೇಳಿದರೆ ಅಧ್ಯಕ್ಷರೂ ಒಪ್ಪುತ್ತಿದ್ದರು. ಇದಕ್ಕೆ ನಾನು ಯಾರಿಂದಲೂ ಒಂದು ಲೋಟ ಚಹಾಕ್ಕಿಂತ ಹೆಚ್ಚಿನದನ್ನು ಪಡೆಯಲಿಲ್ಲ. ಸಭೆ ಗಲಾಟೆಯಿಲ್ಲದೆ ಮುಗಿಯಬೇಕು, ಅಷ್ಟೇ ನನ್ನ ಆಸೆ. "ರುದ್ರಪ್ಪ ಇದ್ರೆ ಸಭೆ ಬೆಣ್ಣೆಯಿಂದ ಕೂದಲು ತೆಗೆದಂಗೆ" ಎಂದು ಸಾಹೇಬರು ಹೊಗಳಿದರೆ ಉಬ್ಬಿ ಹೋಗುತ್ತಿದ್ದೆ.

ಹೆಂಗಸರಿಗೆ ಸ್ಥಾನ ಮೀಸಲಾದ ಮೇಲೆ ಗೆದ್ದು ಬಂದವರಲ್ಲಿ ಕೆಂಚಮ್ಮ ಒಬ್ಬರು. ಕುರಿ ಸಾಕುವ ಮನೆತನ. ಊರ ಹೊರಗೆ ಹಟ್ಟಿ, ಒಂದಿಷ್ಟು ರಾಗಿ ಹೊಲ. ಹೆಸರು ಬರೆಯಲು ಕಲಿತಿದ್ದರು, ಓದಲು ಬಾರದು. ಮೊದಲ ಸಭೆಯ ದಿನವೇ ನನ್ನ ಮೇಜಿನ ಹತ್ತಿರ ಬಂದು ಹೇಳಿದರು: "ರುದ್ರಪ್ಪಣ್ಣ, ನಂಗೆ ಅಕ್ಷರ ಬರಲ್ಲ. ನೀವು ಓದಿದ್ದು ನಾನು ಕೇಳ್ತೀನಿ, ಕೇಳಿದ್ದಕ್ಕೆ ರುಜು ಹಾಕ್ತೀನಿ. ನಿಮ್ಮ ಮ್ಯಾಲೆ ಭಾರ." ಅಣ್ಣ ಎಂದು ಕರೆದರು. ನಾನೂ ದೊಡ್ಡಸ್ತಿಕೆಯಿಂದ "ಆಗ್ಲಮ್ಮ, ಕುಂತ್ಕಳ್ರಿ" ಎಂದಿದ್ದೆ.

ಮಳೆ ಬಿದ್ದು ಹೊಸ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ಬರುತ್ತದೆ. ರಾತ್ರಿ ಚೆನ್ನಾಗಿ ಮೆಲುಕು ಹಾಕುತ್ತಿದ್ದ ಕುರಿ ಬೆಳಗ್ಗೆ ಕಾಲು ಚಾಚಿರುತ್ತದೆ. ಮೊದಲೇ ಲಸಿಕೆ ಹಾಕಿಸಿದರೆ ಉಳಿಯುತ್ತವೆ. ಆದರೆ ಹಟ್ಟಿಯವರಿಗೆ ಸೂಜಿಯ ಮೇಲೆ ನಂಬಿಕೆ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಹಟ ಹಿಡಿದವನು ಕೆಂಚಮ್ಮನ ಮೈದುನ ಚಿಕ್ಕಣ್ಣ. ಕೆಂಚಮ್ಮ ಮನೆಮನೆಗೆ ಹೋಗಿ ಮಾತು ಕೊಟ್ಟು, ಮೊದಲು ತಮ್ಮ ಹಿಂಡಿಗೇ ಸೂಜಿ ಹಾಕಿಸಿ, ಆಮೇಲೆ ಎಲ್ಲರನ್ನೂ ಒಪ್ಪಿಸಿದರು. ಚಿಕ್ಕಣ್ಣನೂ ಅತ್ತಿಗೆಯ ಮುಖ ನೋಡಿ ಹಿಂಡು ಹೊಡೆದುಕೊಂಡು ಬಂದ. ಮಳೆ ಬಂತು. ಸೂಜಿ ಹಾಕಿಸಿದ ಕುರಿಗಳೇ ಸಾಲಾಗಿ ಬಿದ್ದವು, ಕೆಂಚಮ್ಮನವೂ ಬಿದ್ದವು. ಚಿಕ್ಕಣ್ಣನ ದೊಡ್ಡಿಯಲ್ಲಿ ಬೆರಳೆಣಿಕೆಯಷ್ಟು ಉಳಿದವು.

ಕೆಂಚಮ್ಮ ಸಭೆಗೆ ವಾರ ಮುಂಚೆಯೇ ಕಚೇರಿಗೆ ಬಂದು ನನ್ನ ಮುಂದೆ ಕುಳಿತರು.

"ಸೂಜಿ ಮದ್ದೇ ಕೆಟ್ಟಿತ್ತು ಅಂತ ನಂಗೆ ಅನುಮಾನ ಐತಣ್ಣ. ಸಭ್ಯಾಗೆ ಡಾಕ್ಟ್ರುನ್ನ ಕೇಳ್ತೀನಿ. ಅವ್ರು ಹೌದು ಅಂದ್ರೆ ನೀವು ಪುಸ್ತಕ್ದಾಗೆ ಬರ್ಕಳ್ರಿ. ಒಂದು ನಕಲು ಕೊಡ್ರಿ, ಹಟ್ಟ್ಯಾಗೆ ತೋರಿಸ್ತೀನಿ. ಇಲ್ದಿದ್ರೆ ಮುಂದಿನ ವರ್ಷ ಒಬ್ರೂ ಸೂಜಿ ಹಾಕ್ಸಲ್ಲ. ನನ್ನ ಮಾತೂ ಹೋಗತ್ತೆ, ಕುರಿನೂ ಹೋಗ್ತವೆ."

ಅವರು ಕೇಳಿದ್ದು ಇಷ್ಟೇ. ಪರಿಹಾರ ಬೇಡಲಿಲ್ಲ, ಯಾರನ್ನೂ ಕೆಲಸದಿಂದ ತೆಗೆಯಿರಿ ಎನ್ನಲಿಲ್ಲ.

ಮಾರನೆಯ ದಿನ ಪ್ರಗತಿ ವರದಿ ತರಲು ನಾನು ಆ ಕಡೆಯ ಪಶು ಆಸ್ಪತ್ರೆಗೆ ಹೋದೆ. ಕಾಂಪೌಂಡರ್ ಎದ್ದು ಫ್ರಿಜ್ಜಿನ ಬಾಗಿಲು ತೆಗೆದು, ಒಳಗಿನಿಂದ ವರದಿಯ ಫೈಲು ಎತ್ತಿ ನನ್ನ ಕೈಗಿಟ್ಟ. ಬಗ್ಗಿ ನೋಡಿದರೆ ಫ್ರಿಜ್ಜಿನ ತುಂಬ ರಿಜಿಸ್ಟರುಗಳು.

"ಕರೆಂಟಿನ ಲೈನೇ ಎಳ್ದಿಲ್ಲ ಸಾರ್. ಬೀರುಗೆ ಗೆದ್ಲು ಹತ್ತೈತೆ, ಇದ್ರಾಗೆ ಹತ್ತಲ್ಲ."

"ಮತ್ತೆ ಲಸಿಕೆ ಎಲ್ಲಿಡ್ತೀರಿ?"

"ಮಡಕ್ಯಾಗೆ. ಒದ್ದೆ ಗೋಣಿಚೀಲ ಸುತ್ತಿಟ್ಟಿರ್ತೀನಿ. ನಮ್ಮ ಡಾಕ್ಟ್ರು ಲೈನಿಗೆ ಬರ್ದು ಬರ್ದು ಸಾಕಾದ್ರು."

ಬೇಸಿಗೆಯ ಬಿಸಿಲಿಗೆ ಮಡಕೆಯಲ್ಲಿಟ್ಟ ಲಸಿಕೆ ಏನಾದೀತು ಎಂದು ತಿಳಿಯಲು ಡಾಕ್ಟರಾಗಬೇಕಿಲ್ಲ. ನಾನು ಕಚೇರಿಗೆ ಬಂದು ಫ್ರಿಜ್ಜಿನಲ್ಲಿ ಫೈಲು ಎಂದು ತಮಾಷೆಯಾಗಿ ಹೇಳಿದೆ, ಎಲ್ಲರೂ ನಕ್ಕೆವು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ನನಗೆ ಗೊತ್ತಿತ್ತು. ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಯಾರೂ ತಿಳಿಯಬಾರದು.

ಪಶುವೈದ್ಯ ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಲೈನು ಬಾರದೆ ಸೋತಿದ್ದ ಅಧಿಕಾರಿ. ಸಭೆಯಲ್ಲಿ ಬೈಸಿಕೊಳ್ಳುವುದು ಬೇಡ, ಸ್ವಲ್ಪ ನೋಡಿ ಎಂದು ಕೇಳಿಕೊಂಡರು. ನೋಡಿದೆ. ಪಟ್ಟಿಯಲ್ಲಿ ಅವರ ಇಲಾಖೆಯನ್ನು ಮೊದಲಿಗಿಟ್ಟೆ. ಕೆಂಚಮ್ಮನ ಊರಿಗೆ ಬೆಳಗ್ಗೆ ಇದ್ದದ್ದು ಒಂದೇ ಬಸ್ಸು, ಅದು ನಮ್ಮ ಊರು ಮುಟ್ಟುವಾಗ ಹನ್ನೊಂದೂಮುಕ್ಕಾಲು. ಹನ್ನೊಂದೂಕಾಲಿಗೆ ಅಧಿಕಾರಿ ಮಾತು ಮುಗಿಸಿ ಹೋಗಿದ್ದರು. ಕೆಂಚಮ್ಮ ಬಸ್‌ಸ್ಟ್ಯಾಂಡಿನಿಂದ ಓಡುತ್ತ ಬಂದು ಬಾಗಿಲಲ್ಲಿ ನಿಂತು, ಏದುಸಿರಿನಲ್ಲಿ, "ನಮ್ದು ಮುಗೀತಾ ಅಣ್ಣ?" ಎಂದರು. "ಮುಗೀತಮ್ಮ, ಮುಂದಿನ ಸಲ ನೋಡಾಣ" ಎಂದೆ.

ಆ ಸಭೆಯಲ್ಲಿ ಅಧಿಕಾರಿ ಹೇಳಿದ್ದು, ಕೆಲವರು ಕುರಿಗಳನ್ನು ತಡವಾಗಿ ತಂದರು ಎಂದಷ್ಟೇ. ಬಾಯಿಮಾತು, ಅಡ್ಡಮಾತು. ಅದನ್ನು ನಾನು ನನ್ನ ಅಂದದ ಕನ್ನಡಕ್ಕೆ ತಂದೆ: "ಕುರಿಗಾರರು ಸಕಾಲದಲ್ಲಿ ಕುರಿಗಳನ್ನು ತರದೆ ಅಸಹಕಾರ ತೋರಿದ್ದೇ ಸಾವಿಗೆ ಕಾರಣವೆಂದು ಅಧಿಕಾರಿಗಳು ವಿವರಿಸಿದ್ದು, ಸಭೆಯು ಒಪ್ಪಿತು." ಸಭೆ ಒಪ್ಪಿರಲಿಲ್ಲ, ಚಹಾ ಕುಡಿಯುತ್ತಿತ್ತು. ಆದರೆ ವಾಕ್ಯ ಹಾಗೆ ಮುಗಿದರೆ ಚೆಂದ.

ಮುಂದಿನ ಸಭೆಗೆ ಕೆಂಚಮ್ಮ ಬಸ್ಸನ್ನು ನಂಬಲಿಲ್ಲ. ನಸುಕಿನಲ್ಲೇ ಎದ್ದು ಟಾರು ರಸ್ತೆಯವರೆಗೆ ನಡೆದು, ಯಾವುದೋ ಲಾರಿ ಹತ್ತಿ, ಒಂಬತ್ತೂವರೆಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಹನ್ನೊಂದಕ್ಕೆ ನಾನು ಎದ್ದು ಹಿಂದಿನ ನಡಾವಳಿ ಓದತೊಡಗಿದೆ. ಆ ಸಾಲು ಹತ್ತಿರ ಬಂತು. ತಲೆ ಎತ್ತಿದರೆ ಕೆಂಚಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು, ಒಂದು ಅಕ್ಷರವೂ ತಪ್ಪಬಾರದೆನ್ನುವ ಹಾಗೆ. ಓದಿದರೆ ಸಭೆ ಹೊತ್ತಿಕೊಳ್ಳುತ್ತದೆ ಎಂದು ಹೆದರಿದೆ. ನಾಲಿಗೆ ಆ ಸಾಲನ್ನು ದಾಟಿ ಮುಂದಿನ ಸಾಲಿಗೆ ಹೋಯಿತು. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ನಂಜುಂಡಯ್ಯನವರೂ ಹೇಳಿರಲಿಲ್ಲ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಕೆಂಚಮ್ಮ ಒತ್ತಿ ಒತ್ತಿ ತಮ್ಮ ಹೆಸರು ಬರೆದರು.

ಪಶುವೈದ್ಯ ಇಲಾಖೆಯ ಸರದಿ ಬಂದಾಗ ಕೆಂಚಮ್ಮ ಎದ್ದು ನಿಂತರು.

"ಸೂಜಿ ಹಾಕ್ಸಿದ ಕುರಿ ಯಾಕೆ ಸತ್ವು ಡಾಕ್ಟ್ರೇ? ಮದ್ದು ಎಲ್ಲಿಟ್ಟಿದ್ರಿ?"

ಅಧಿಕಾರಿ ಗಾಬರಿಯಿಂದ ನಡಾವಳಿ ಪುಸ್ತಕ ಎಳೆದುಕೊಂಡರು. ಪುಟ ಹುಡುಕಿ, ಸಿಕ್ಕಿದ ಹುಲ್ಲುಕಡ್ಡಿ ಹಿಡಿದವರಂತೆ ಆ ಸಾಲನ್ನು ಗಟ್ಟಿಯಾಗಿ ಓದಿದರು. "ಸಭೆ ಒಪ್ಪಿದೆಯಲ್ಲಮ್ಮ. ಈಗ ತಾನೇ ನೀವೇ ಸಹಿ ಹಾಕಿದ್ದೀರಿ, ನೋಡಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕೆಂಚಮ್ಮ ಅಧಿಕಾರಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ರುದ್ರಪ್ಪಣ್ಣ, ಇದನ್ನ ನೀವು ಓದ್ಲಿಲ್ಲ."

ಇಡೀ ಸಭೆ ನನ್ನನ್ನು ನೋಡಿತು. ಒಂದೇ ಮಾತು ಸಾಕಿತ್ತು. ಹೌದಮ್ಮ, ಬಿಟ್ಟುಹೋಯಿತು ಎಂದಿದ್ದರೆ ಬೈಗುಳ ಬೀಳುತ್ತಿತ್ತು, ಹೆಚ್ಚೆಂದರೆ ಒಂದು ನೋಟೀಸು ಬರುತ್ತಿತ್ತು. ನಾನು ಹೇಳಿದ್ದು: "ಓದಿದೆನಮ್ಮ. ಗದ್ದಲದಾಗೆ ನಿಮಗೆ ಕೇಳ್ಸಿಲ್ಲ."

ಗದ್ದಲ ಇರಲಿಲ್ಲ. ಅವರು ಸೆರಗು ಸರಿಮಾಡಿಕೊಂಡು ಕುಳಿತರು.

ಸುದ್ದಿ ಅವರಿಗಿಂತ ಮೊದಲೇ ಹಟ್ಟಿ ಮುಟ್ಟಿತ್ತಂತೆ. ಕುರಿ ಸತ್ತದ್ದಕ್ಕೆ ಹಟ್ಟಿಯವರದೇ ತಪ್ಪು ಎಂದು ಕೆಂಚಮ್ಮ ರುಜು ಹಾಕಿ ಬಂದಳು ಎಂದು. ಚಿಕ್ಕಣ್ಣ ಅತ್ತಿಗೆಯ ಜೊತೆ ಮಾತು ಬಿಟ್ಟ. ಮುಂದಿನ ವರ್ಷ ಲಸಿಕೆ ಹಾಕುವವರು ಹೋದಾಗ ಹಟ್ಟಿಯವರು ಹಿಂಡುಗಳನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗಿದ್ದರು. ಆ ಮಳೆಗಾಲದಲ್ಲೂ ಕುರಿಗಳು ಸತ್ತವು. ಆಗ ಲೈನು ಬಂದಿತ್ತು, ಫ್ರಿಜ್ಜು ತಣ್ಣಗಿತ್ತು, ಒಳಗೆ ಒಳ್ಳೆಯ ಲಸಿಕೆ ಇತ್ತು. ಹಾಕಿಸಿಕೊಳ್ಳುವವರು ಇರಲಿಲ್ಲ.

ಕೆಂಚಮ್ಮ ಆಮೇಲೂ ಸಭೆಗೆ ಬರುತ್ತಿದ್ದರು. ಮೊದಲ ಸಾಲಿನ ಅದೇ ಕುರ್ಚಿ. ಪುಸ್ತಕ ಮುಂದೆ ಬಂದರೆ ಪಕ್ಕಕ್ಕೆ ಸರಿಸುತ್ತಿದ್ದರು. "ರುಜು ಹಾಕ್ರಮ್ಮ" ಎಂದರೆ, "ಯಾವುದಕ್ಕೆ ಅಂತ ನಂಗೇನು ಗೊತ್ತು?" ಎನ್ನುತ್ತಿದ್ದರು. ಸಹಿ ಇಲ್ಲದಿದ್ದರೆ ಹಾಜರಿ ಇಲ್ಲ. ಸತತವಾಗಿ ಗೈರಾದವರ ಸದಸ್ಯತ್ವ ಹೋಗುತ್ತದೆ ಎಂಬುದು ನಿಯಮ. ಎದುರಿಗೆ ಕುಳಿತಿದ್ದ ಹೆಣ್ಣುಮಗಳಿಗೆ ನೀವು ಗೈರಾಗಿದ್ದೀರಿ ಎಂಬ ನೋಟೀಸು ಹೋಯಿತು. ಅದನ್ನು ಟೈಪು ಮಾಡಿದವನೂ ನಾನೇ. ತಪ್ಪಿಲ್ಲದೆ ಮಾಡಿದೆ, ಒಂದು ಅಕ್ಷರ ಕೂಡ ತಿದ್ದಬೇಕಾಗಿ ಬರಲಿಲ್ಲ. ಅವರ ಸದಸ್ಯತ್ವ ಹೋಯಿತು.

ಆಮೇಲೆ ನನಗೆ ಬಡ್ತಿ ಬಂತು, ವರ್ಗವಾಯಿತು, ಸ್ಟೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು. ಈಗ ಹಿಂದಿನ ಸಭೆಯ ನಡಾವಳಿಯನ್ನೇ ನಕಲು ಮಾಡಿ ತಾರೀಕು ಬದಲಿಸುವುದು ಸುಲಭ, ಉತ್ತರಗಳು ಯಾವಾಗಲೂ ಒಂದೇ ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ನಂಜುಂಡಯ್ಯನವರು ಇದ್ದಿದ್ದರೆ ಖುಷಿಪಡುತ್ತಿದ್ದರು. ನಿವೃತ್ತಿಗೆ ಮುಂಚೆ ಅದೇ ಕಚೇರಿಗೆ ತಿರುಗಿ ಬಂದಿದ್ದೆ. ಹಳೆಯ ಪುಸ್ತಕಗಳನ್ನು ಕಟ್ಟು ಕಟ್ಟುವಾಗ ಆ ಪುಟ ಸಿಕ್ಕಿತು. ಕೆಳಗೆ ಒತ್ತಿ ಬರೆದ ಕೆಂಚಮ್ಮ ಎಂಬ ಹೆಸರು. ಒಂದು ಜೆರಾಕ್ಸ್ ಮಾಡಿಸಿಕೊಂಡೆ. ಮನೆಯಲ್ಲಿ ಅದು ಮೂರು ವರ್ಷ ಬೀರುವಿನಲ್ಲಿತ್ತು.

ಮದುವೆಯಿಂದ ಬಂದ ವಾರದಲ್ಲಿ ಕೆಂಚಮ್ಮನ ಊರಿಗೆ ಹೊರಟೆ. ಅದೇ ಬಸ್ಸು. ಹಿಂದೆ ಅದು ಬರುವ ಹೊತ್ತನ್ನಷ್ಟೇ ಲೆಕ್ಕ ಹಾಕಿದ್ದೆ, ಈ ಸಲ ಅದರೊಳಗೆ ಕುಳಿತಿದ್ದೆ. ಊರೂರಿಗೆ ನಿಂತು, ಹಾಲಿನ ಕ್ಯಾನು ಏರಿಸಿ, ಅಡ್ಡ ಬಂದ ಕುರಿಹಿಂಡಿಗೆ ಕಾದು ಹೋಗುವ ಆ ದಾರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನ್ನ ಮೈಗೆ ಅವತ್ತು ಗೊತ್ತಾಯಿತು.

ಕೆಂಚಮ್ಮ ಜಗುಲಿಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದರು. ಕೂದಲು ಪೂರ್ತಿ ನರೆತಿದೆ. ಗುರುತು ಹಿಡಿದರು. "ಬರ್ರಿ, ಕುಂತ್ಕಳ್ರಿ" ಎಂದರು, ಅಣ್ಣ ಎನ್ನಲಿಲ್ಲ. ನಾನು ಜೇಬಿನಿಂದ ಹಾಳೆ ತೆಗೆದೆ. "ಅವತ್ತು ಒಂದು ಸಾಲು ಓದಲಿಲ್ಲ ಕೆಂಚಮ್ಮ. ಓದಿದೆ ಅಂತ ಸುಳ್ಳು ಹೇಳಿದೆ. ಈಗ ಓದ್ತೀನಿ" ಎಂದು ಪುಟವನ್ನು ಮೊದಲಿನಿಂದ ಓದಿದೆ. ಆ ಸಾಲನ್ನೂ ಓದಿದೆ. ಫ್ರಿಜ್ಜಿನಲ್ಲಿ ಫೈಲು ನೋಡಿದ್ದನ್ನು ಹೇಳಿದೆ, ಪಟ್ಟಿ ಮಾಡಿ ಬಸ್ಸು ತಪ್ಪಿಸಿದ್ದನ್ನೂ ಹೇಳಿದೆ. ಉಣ್ಣೆ ಬಿಡಿಸುತ್ತಿದ್ದ ಅವರ ಕೈ ನಿಂತಿತ್ತು.

"ಇದನ್ನ ಕೇಳ್ಬೇಕಾದೋನು ನಮ್ಮ ಮೈದ್ನ" ಎಂದರು ಕೊನೆಗೆ. "ಹೋಗಿ ಎಲ್ಡು ವರ್ಷಾತು. ಸಾಯೋ ತನಕ ನನ್ನ ಕೈಲಿ ನೀರು ಇಸ್ಕಳ್ಲಿಲ್ಲ."

ಅವರು ಪಕ್ಕದ ಮನೆಯ ಕಡೆ ಕೂಗಿ ಚಿಕ್ಕಣ್ಣನ ಹೆಂಡತಿಯನ್ನು ಕರೆದರು. ಆಕೆ ಬಂದು ಕಂಬ ಹಿಡಿದು ನಿಂತಳು.

"ಇವ್ಳೂ ಕೇಳ್ಲಿ. ಇನ್ನೊಂದು ಸಲ ಓದ್ರಿ. ನಿಧಾನಕ್ಕೆ."

ಓದಿದೆ. ಮೂವತ್ತು ವರ್ಷ ಗಡಗಡ ಓದಿದ ನಾಲಿಗೆ ಆ ಒಂದು ಪುಟ ಮುಗಿಸಲು ಒದ್ದಾಡಿತು. ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನಮ್ಮೋರು ಇದು ತಿಳೀದೆ ಹಂಗೇ ಹೋದ್ರಲ್ಲಕ್ಕಾ" ಎಂದಳು. ಕೆಂಚಮ್ಮ ಅಳಲಿಲ್ಲ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ತಮ್ಮ ಹೆಸರಿದ್ದ ಜಾಗವನ್ನು ಬೆರಳಿನಿಂದ ಹುಡುಕಿ, ಅದರ ಕೆಳಗಿನ ಖಾಲಿ ಜಾಗ ತೋರಿಸಿದರು.

"ಇಲ್ಲಿ ರುಜು ಹಾಕ್ರಿ."

ನಾನು ಬರೆದ ಯಾವ ನಡಾವಳಿಯ ಕೆಳಗೂ ನನ್ನ ಹೆಸರು ಇರಲಿಲ್ಲ ಎಂದು ಆಗಲೇ ಹೇಳಿದ್ದೇನೆ. ಪೆನ್ನು ತೆಗೆದು ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡು ಸಹಿ ಹಾಕಿದೆ. ಕೆಂಚಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡರು.

"ಆತು. ನೀವು ಇವತ್ತು ಹಾಜರಾದ್ರಿ" ಎಂದರು.